ಫಿಫ್ಟಿ ಪರ್ಸೆಂಟ್ ಆಗಿದೆ ಸಾರ್

ನಮ್ಮ ಕಡೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೆ ಫೈನಲ್ ಇಯರ್ ಪ್ರಾಜೆಕ್ಟಿನ ನಡುವೆ ಬರುವ ರಿವ್ಯೂ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಸೆಮಿನಾರ್ ಹಾಲ್, ಪ್ರೊಜೆಕ್ಟರ್, ಮೊದಲ ಸ್ಲೈಡಿನಲ್ಲಿ ಕಾಲೇಜಿನ ಲೋಗೋ ಮತ್ತು ಗೈಡ್ ಹೆಸರು, ಆಮೇಲೆ ಲಿಟರೇಚರ್ ಸರ್ವೆ, ಕೊನೆಗೊಂದು ಬ್ಲಾಕ್ ಡಯಾಗ್ರಾಂ. "ಎಷ್ಟಾಯ್ತಪ್ಪಾ?" "ಫಿಫ್ಟಿ ಪರ್ಸೆಂಟ್ ಆಗಿದೆ ಸಾರ್." ಯಾವುದರ ಐವತ್ತು ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುವುದಕ್ಕೂ ಏನಿರುವುದಿಲ್ಲ. ರಿಜಿಸ್ಟರಿನಲ್ಲಿ ಸಹಿ ಬೀಳುತ್ತದೆ, ಮುಂದಿನ ಟೀಮ್ ಒಳಗೆ ಬರುತ್ತದೆ.

ನಾನೀಗ ಅಮೆರಿಕದ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಡಿಜಿಟಲ್ ಹ್ಯುಮ್ಯಾನಿಟೀಸ್ ಪ್ರಾಜೆಕ್ಟು ಮಾಡುವ ಹುಡುಗ ಹುಡುಗಿಯರಿಗೆ ನೆರವಾಗುವ ಕೆಲಸದಲ್ಲಿದ್ದೇನೆ. ಹೆಸರು ದೊಡ್ಡದು, ವಿಷಯ ಸರಳ: ಇತಿಹಾಸ, ಸಾಹಿತ್ಯ, ಹಳೆಯ ದಾಖಲೆಗಳ ಕೆಲಸವನ್ನು ಕಂಪ್ಯೂಟರ್ ಇಟ್ಟುಕೊಂಡು ಮಾಡುವುದು, ಮಾಡಿದ್ದನ್ನು ಎಲ್ಲರೂ ನೋಡುವಂತೆ ಇಡುವುದು. ನಾಲ್ಕೈದು ಜನರ ಟೀಮು, ಒಂದೇ ಸೆಮಿಸ್ಟರ್. ಎಂಟನೇ ವಾರಕ್ಕೆ ನಡುವಿನ ರಿವ್ಯೂ. ಆ ದಿನ ನಾವು ಪರ್ಸೆಂಟ್ ಕೇಳುವುದಿಲ್ಲ. ಒಂದೇ ಒಂದು ವಸ್ತುವನ್ನು, ಅದು ಫೋಟೋ ಆಗಲಿ ಕಾಗದ ಆಗಲಿ, ಮೊದಲಿಂದ ಕೊನೆಯವರೆಗೆ ಮುಗಿಸಿ ತೋರಿಸಿ ಅನ್ನುತ್ತೇವೆ. ಅದರ ಸ್ಕ್ಯಾನ್ ಇರಬೇಕು, ವಿವರಗಳು ತುಂಬಿರಬೇಕು, ಹಕ್ಕು ಯಾರದ್ದು ಅಂತ ಗೊತ್ತಿರಬೇಕು, ಸೈಟಿನಲ್ಲಿ ಅದರ ಪುಟ ತೆರೆಯಬೇಕು. ಇದರ ಜೊತೆಗೆ ಇನ್ನೊಂದು ಹಾಳೆ: ಮೊದಲ ವಾರ ಏನೇನು ಮಾಡುತ್ತೇವೆ ಅಂದಿದ್ದರೋ ಅದರಲ್ಲಿ ಈಗ ಕೈಬಿಟ್ಟದ್ದು ಯಾವುದು, ಯಾಕೆ.

ಅನ್ನ ಬೆಂದಿದೆಯೋ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಪಾತ್ರೆ ಅರ್ಧ ತುಂಬಿದೆ ಅನ್ನುವ ಮಾತು ಅದಕ್ಕೆ ಉತ್ತರವಲ್ಲ.

ಒಂದು ಟೀಮಿನ ಕಥೆ ಹೇಳುತ್ತೇನೆ. ಅವರು ಹಿಡಿದದ್ದು ಒಂದು ಸಣ್ಣ ಪಟ್ಟಣದ ಚೀನೀ ಲಾಂಡ್ರಿಗಳನ್ನು. 1882ರ ಕಾಯ್ದೆ ಚೀನೀ ಕಾರ್ಮಿಕರು ಅಮೆರಿಕಕ್ಕೆ ಬರುವುದನ್ನೇ ತಡೆದಿತ್ತು, 1943ರವರೆಗೂ ಆ ನಿರ್ಬಂಧ ಹೋಗಲಿಲ್ಲ. ಅಷ್ಟರಲ್ಲೂ ಊರೂರಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕಿದವರಿದ್ದರು. ಅವರ ಅಂಗಡಿಗಳು ಎಲ್ಲಿದ್ದವು, ಯಾವಾಗ ಸ್ಥಳ ಬದಲಿಸಿದವು ಅನ್ನುವುದು ಪ್ರಶ್ನೆ. ಆಧಾರ ಸ್ಯಾನ್‌ಬಾರ್ನ್ ನಕ್ಷೆಗಳು. ಬೆಂಕಿ ವಿಮೆ ಕಂಪನಿಗಳಿಗಾಗಿ 1867ರಿಂದ ಶುರುವಾದ ಈ ನಕ್ಷೆಗಳಲ್ಲಿ ಒಂದು ಇಂಚಿಗೆ ಐವತ್ತು ಅಡಿ ಲೆಕ್ಕ. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ, ಕಲ್ಲಿನದಕ್ಕೆ ನೀಲಿ. ಮನೆಯೋ ಮಳಿಗೆಯೋ ಅನ್ನುವುದೂ ಒಂದಕ್ಷರದಲ್ಲಿ ಗುರುತಾಗಿರುತ್ತದೆ. ಚೀನೀ ಲಾಂಡ್ರಿ ಅಂತಲೇ ಬರೆದಿಟ್ಟ ಚೌಕಗಳೂ ಸಿಗುತ್ತವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇವನ್ನು ದೊಡ್ಡ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದೆ.

ಮೊದಲ ವಾರದ ಅವರ ಪಟ್ಟಿ ನೋಡಿದ್ದರೆ ನಗು ಬರುತ್ತಿತ್ತು. ಇಡೀ ಪಟ್ಟಣದ ತ್ರೀಡಿ ಮಾದರಿ, ಐದು ದಶಕದ ಅನಿಮೇಷನ್, ಮೊಬೈಲ್ ಆ್ಯಪ್. ಎಂಟನೇ ವಾರಕ್ಕೆ ಬಂದು ತೋರಿಸಿದ್ದು ಒಂದೇ ಲಾಂಡ್ರಿ. ಆದರೆ ಅದನ್ನು ಪೂರ್ತಿ ಮುಗಿಸಲು ಹೋದದ್ದರಿಂದಲೇ ನಿಜವಾದ ತೊಡಕುಗಳು ಹೊರಗೆ ಬಂದವು. ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿದರೆ ಆ ಚೌಕದ ಸುತ್ತ ತೆಳುವಾದ ಅಂಚು. ಕಂಪನಿಯವರು ಹೊಸ ನಕ್ಷೆ ಅಚ್ಚು ಹಾಕುವ ಖರ್ಚು ಉಳಿಸಲು ಬದಲಾದ ಕಟ್ಟಡದ ಚೀಟಿಯನ್ನು ಹಳೆಯ ಹಾಳೆಯ ಮೇಲೆ ಅಂಟಿಸುತ್ತಿದ್ದರು. ಅಂದರೆ ಹಾಳೆಯ ಮೇಲಿನ ವರ್ಷ ಆ ಲಾಂಡ್ರಿಯ ವರ್ಷವಲ್ಲ. ಸರಿ, ಯಾರ ಅಂಗಡಿ, ಯಾರ ಮನೆ ಎಲ್ಲಿ ಅಂತ ಪಟ್ಟಿ ಮಾಡಿದ ಊರಿನ ಹಳೆಯ ಡೈರೆಕ್ಟರಿಗಳನ್ನು ತೆಗೆದರು. ಅಲ್ಲಿ ಇನ್ನೊಂದು ಪೇಚು: ಅಂಗಡಿಯ ಹೆಸರನ್ನೇ ಮಾಲೀಕನ ಹೆಸರು ಅಂತ ಬರೆದಿದ್ದಾರೆ, ಮಾಲೀಕ ಬದಲಾದರೂ ಹೆಸರು ಅದೇ. ಎಕ್ಸೆಲ್ ಶೀಟಿನಲ್ಲಿ 'ಹೆಸರು' ಅಂತ ಒಂದೇ ಕಾಲಂ ಇತ್ತು, ಅದನ್ನು ಎರಡು ಮಾಡಬೇಕಾಯಿತು. 'ವರ್ಷ' ಅನ್ನುವ ಕಾಲಂ ಕೂಡ 'ಇಂದ' ಮತ್ತು 'ವರೆಗೆ' ಆಯಿತು.

ಇನ್ನೂರು ಸಾಲು ತುಂಬಿ ಅರ್ಧ ಮುಗಿಯಿತು ಅಂತ ಬಂದಿದ್ದರೆ ಆ ಇನ್ನೂರನ್ನೂ ಮತ್ತೆ ಬರೆಯಬೇಕಿತ್ತು. ನಡುವಿನ ರಿವ್ಯೂ ಇರುವುದು ಇದಕ್ಕೆ. ಎಷ್ಟು ಆಯಿತು ಅಂತ ಅಳೆಯುವುದಕ್ಕಲ್ಲ, ಆಗಲಾರದ್ದನ್ನು ಇನ್ನೂ ಸಮಯ ಇರುವಾಗಲೇ ಕತ್ತರಿಸುವುದಕ್ಕೆ. ತ್ರೀಡಿ ಹೋಯಿತು, ಆ್ಯಪ್ ಹೋಯಿತು. ಉಳಿದದ್ದು ಎರಡು ಬೀದಿ, ಎರಡು ದಶಕ.

ಹಾಗಂತ ಇಲ್ಲಿಯದೆಲ್ಲ ಚಿನ್ನ ಅಂತಲ್ಲ. ಇಲ್ಲಿಯ ರಿವ್ಯೂನಲ್ಲಿ ನನಗೆ ಸಿಟ್ಟು ಬರಿಸುವುದು ಹೊಗಳಿಕೆ. ಯಾರು ಏನು ತೋರಿಸಿದರೂ "ವಂಡರ್‌ಫುಲ್", "ಸೋ ಇಂಟರೆಸ್ಟಿಂಗ್". ಆ ಟೀಮಿಗೂ ಹಾಗೇ ಆಯಿತು, ನಕ್ಷೆಯ ಬಣ್ಣ ಚೆನ್ನಾಗಿದೆ ಅಂದರು. ಲಾಂಡ್ರಿ ಮುಖ್ಯ ಬೀದಿಯಿಂದ ಹಿಂದಿನ ಬೀದಿಗೆ ಯಾಕೆ ಹೋಯಿತು, ಬಾಡಿಗೆಗೋ, ಜನರ ಕಿರುಕುಳಕ್ಕೋ, ಅದಕ್ಕೆ ನಿಮ್ಮ ಹತ್ತಿರ ಆಧಾರ ಏನು ಅಂತ ಒಬ್ಬರೂ ಕೇಳಲಿಲ್ಲ. ನಮ್ಮ ಕಡೆ ವೈವಾಕ್ಕೆ ಬರುವ ಎಕ್ಸ್‌ಟರ್ನಲ್ ಮೇಷ್ಟ್ರು, ನಾವು ಅವರನ್ನು ಎಷ್ಟೇ ಬೈದುಕೊಂಡರೂ, "ಇದರಿಂದ ಹೊಸದೇನು ಗೊತ್ತಾಯ್ತಮ್ಮಾ?" ಅಂತ ಕೇಳದೆ ಬಿಡುವುದಿಲ್ಲ. ಆ ಪ್ರಶ್ನೆ ಇಲ್ಲಿಗೆ ಬೇಕು. ನಮ್ಮಲ್ಲಿ ಅದು ಕೊನೆಯ ದಿನ, ಬೈಂಡಿಂಗ್ ಮುಗಿದ ಮೇಲೆ ಬರುತ್ತದೆ ಅನ್ನುವುದೇ ತಕರಾರು.

ಇನ್ನು ದುಡಿಮೆಯ ವಿಷಯ. ಒಬ್ಬ ಕೋಡ್ ಬರೆಯುವುದು, ಮಿಕ್ಕವರು ಹೆಸರು ಹಾಕಿಸಿಕೊಳ್ಳುವುದು ಎರಡೂ ಕಡೆ ಇದೆ. ಇಲ್ಲಿ ಯಾರು ಏನು ಮಾಡಿದರು ಅಂತ ನಡುವಿನಲ್ಲೇ ಬರೆದುಕೊಡಬೇಕು, ಅಷ್ಟರ ಮಟ್ಟಿಗೆ ವಾಸಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ವಿದ್ಯಾರ್ಥಿ ಸಹಯೋಗಿಗಳ ಹಕ್ಕುಪತ್ರವೊಂದನ್ನು ಮಾಡಿದರು. ಸ್ಕ್ಯಾನಿಂಗ್, ಡೇಟಾ ಎಂಟ್ರಿಯಂಥ ಯಾಂತ್ರಿಕ ಕೆಲಸವನ್ನು ವಿದ್ಯಾರ್ಥಿಗಳಿಂದ ಪುಕ್ಕಟೆ ಮಾಡಿಸಬಾರದು ಅಂತ ಅದರಲ್ಲಿದೆ. ಗೈಡಿನ ಪುಸ್ತಕಕ್ಕೆ ಟೈಪ್ ಮಾಡಿಕೊಟ್ಟು ಇಂಟರ್ನಲ್ಸ್ ಗಿಟ್ಟಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಅಂತ ಎಣಿಸಲು ಹೋಗುವುದಿಲ್ಲ.

ಇದನ್ನೆಲ್ಲ ಬರೆಯಲು ಕಾರಣ, ಬೆಂಗಳೂರಿನ ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಗೆಳತಿ ತನ್ನ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ನಡುವಿನಲ್ಲಿ ಏನು ಕೇಳಲಿ ಅಂತ ಫೋನ್ ಮಾಡಿದ್ದು. ವಿಷಯ ಸೊಗಸಾಗಿದೆ: ಶಾಸನತಜ್ಞ ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ಒಂಬತ್ತನೇ ಸಂಪುಟ, 1905ರದ್ದು, ಬೆಂಗಳೂರು ಜಿಲ್ಲೆಯ ಶಾಸನಗಳು. ಅದರಲ್ಲಿ ಹೆಸರಿಸಿದ ಕಲ್ಲುಗಳು ಈಗ ಎಲ್ಲಿವೆ ಅಂತ ನಕ್ಷೆ ಮಾಡುವುದು. ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು ಅಲ್ಲಿಯ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿರುವುದರಿಂದ ಆಸರೆಯೂ ಇದೆ. ಆಕೆಯ ಆರಂಭದ ಯೋಚನೆ "ಅರ್ಧ ಕಲ್ಲುಗಳಾದರೂ ಆಗಿರಬೇಕು" ಅಂತಿತ್ತು. ಒಂದು ಕಲ್ಲು ಸಾಕು ಅಂದೆ. ರೈಸ್ ಹೇಳಿದ ಊರು ಈಗ ಯಾವ ಲೇಔಟಿನೊಳಗಿದೆ, ಕಲ್ಲು ದೇವಸ್ಥಾನದ ಗೋಡೆಗೆ ಸೇರಿದೆಯೋ ಚರಂಡಿ ಪಕ್ಕ ಬಿದ್ದಿದೆಯೋ, ಫೋಟೋ, ಜಿಪಿಎಸ್, ಪಾಠ ಅಂದರೆ ಕಲ್ಲಿನ ಮೇಲಿರುವ ಬರಹ, ಇವತ್ತಿನ ಕನ್ನಡದಲ್ಲಿ ಅದರ ಅರ್ಥ. ಇಷ್ಟೂ ಒಂದು ಪುಟದಲ್ಲಿ ತೆರೆಯಲಿ.

ಪಾಠದ ವಿಷಯಕ್ಕೆ ಒಂದು ಎಚ್ಚರಿಕೆ ಕೊಟ್ಟೆ. 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಕೈಕೊಡುತ್ತದೆ, 'ರ್' ಹೋಗಿ ಪಕ್ಕದ ಅಕ್ಷರಕ್ಕೆ ಕೂರುತ್ತದೆ. ಆಮೇಲೆ ಹುಡುಕಿದರೆ 'ಧರ್ಮ' ಸಿಗುವುದಿಲ್ಲ. ವಚನಗಳನ್ನು ಹುಡುಕುವ 'ವಚನ ಸಂಚಯ' ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಅಂತ ತೋರಿಸುತ್ತದಲ್ಲ, ಅಂಥ ಹುಡುಕಾಟದ ಹಿಂದೆ ಇರುವುದು ಪಠ್ಯ ತಿದ್ದಿ ಸರಿಮಾಡುವ ಬೇಸರದ ಕೆಲಸವೇ. ಒಂದು ಕಲ್ಲಿನ ಪಾಠದಲ್ಲಿ ಇದು ಗೊತ್ತಾದರೆ ಅಲ್ಲಿಗಲ್ಲೇ ಸರಿಮಾಡಬಹುದು.

ರಿವ್ಯೂ ಸೆಮಿನಾರ್ ಹಾಲಿನಲ್ಲಿ ಬೇಡ, ಲ್ಯಾಬಿನಲ್ಲೇ ಇರಲಿ, ಸ್ಲೈಡ್ ಬೇಡ, ಬ್ರೌಸರ್ ತೆರೆಯಲಿ ಅಂದದ್ದಕ್ಕೆ ಒಪ್ಪಿದ್ದಾಳೆ. ಕೈಬಿಟ್ಟವುಗಳ ಪಟ್ಟಿಗೆ ಗೈಡ್ ಸಹಿ ಬೇಕು ಅಂದದ್ದಕ್ಕೆ ಮಾತ್ರ ನಕ್ಕಳು. "ಬಿಟ್ಟದ್ದಕ್ಕೆ ಸಹಿ ಹಾಕೋಕೆ ನಮ್ಮ ಎಚ್‌ಒಡಿ ಒಪ್ತಾರಾ ಮಾರಾಯ?" ಅಂದಳು. ಕೇಳಿ ನೋಡು ಅಂದಿದ್ದೇನೆ.