ಸ್ಪಷ್ಟನೆ: ಕಿರ್ಲೋಸ್ಕರ್ ಬೆಳೆದದ್ದು ಒಂದೇ ಸರಕನ್ನು ನೆಚ್ಚಿಕೊಂಡಲ್ಲ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ನಮ್ಮ ಫೌಂಡ್ರಿ (ಎರಕದ ಕಾರ್ಖಾನೆ) ಗುಂಪಿಗೆ ಭಾನುವಾರ ನಾನೇ ಕಳುಹಿಸಿದ ಸಂದೇಶ ತಪ್ಪು. 'ಕಿರ್ಲೋಸ್ಕರ್ ನೂರು ವರ್ಷ ದಾಟಿದ್ದು ಒಂದೇ ಸರಕನ್ನು ಬಿಡದೆ ಹಿಡಿದಿದ್ದರಿಂದ. ಸರಕು ಬದಲಿಸಿದ ಪೈಪೋಟಿದಾರರೆಲ್ಲ ಮುಳುಗಿದರು' ಎಂದು ಅದರಲ್ಲಿತ್ತು. ಪರಿಶೀಲಿಸದೆ ಕಳುಹಿಸಿದ್ದಕ್ಕೆ ಕ್ಷಮೆ ಇರಲಿ.

ಕಂಪನಿಯ ಇತಿಹಾಸದಲ್ಲಿ ದಾಖಲಾಗಿರುವ ಸಂಗತಿಯೇ ಬೇರೆ. ಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ನಮ್ಮ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ ಅಂಗಡಿ. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂದು ರೈತರು ಅಂಜಿದ್ದರಿಂದ ಮೊದಲ ನೇಗಿಲುಗಳು ಬಹುಕಾಲ ಮಾರಾಟವಾಗದೆ ಬಿದ್ದಿದ್ದವು. ಲಕ್ಷ್ಮಣರಾವ್ ಕೈಬಿಡಲಿಲ್ಲ. 1910ರಲ್ಲಿ ಕಾರ್ಖಾನೆ ಆಗಿನ ಔಂಧ್ ಸಂಸ್ಥಾನಕ್ಕೆ, ಈಗ ಮಹಾರಾಷ್ಟ್ರದಲ್ಲಿರುವ ಕಿರ್ಲೋಸ್ಕರವಾಡಿಗೆ ಹೋಯಿತು. ಮುಂದೆ ಪಂಪು, ಎಂಜಿನ್‌ಗಳೂ ಬಂದವು. ಸರಕು ಬದಲಾಗುತ್ತಲೇ ಇತ್ತು. ಬದಲಾಗದೆ ಉಳಿದದ್ದು, ನನಗೆ ಕಾಣುವಂತೆ, ಒಕ್ಕಲುತನಕ್ಕೆ ಬೇಕಾದ ಯಂತ್ರವನ್ನು ಇಲ್ಲೇ ಮಾಡಬೇಕೆಂಬ ಹಟ.

ಇನ್ನು ಮುಳುಗಿದವರ ಮಾತು. ಆ ಸಂದೇಶದಲ್ಲಿ ಅಂಥ ಒಂದು ಕಂಪನಿಯ ಹೆಸರೂ ಇಲ್ಲ.

ಹೊಸ ಸರಕಿಗೆ ಕೈಹಾಕಲು ಹೊರಟಿರುವ ಕಿರಿಯರು ಆ ಸಂದೇಶವನ್ನು ಓದಿ ಹಿಂಜರಿದಾರು ಎಂಬುದೇ ನನ್ನ ಚಿಂತೆ. ದಯವಿಟ್ಟು ಹಳೆಯ ಸಂದೇಶವನ್ನು ಅಳಿಸಿ, ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅಲ್ಲಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.