ಅವ್ವ ಸಹಿ ಮಾಡಿದ ಮಾರ್ಕ್ಸ್ ಕಾರ್ಡು

ಹೋದ ಯುಗಾದಿಗೆ ವಿಜಯಪುರಕ್ಕೆ ಫೋನ್ ಮಾಡಿದ್ದೆ. ಬೇವು-ಬೆಲ್ಲದ ಮಾತು ಮುಗಿದ ಮೇಲೆ ಕಾಕಾ ಕೇಳಿದರು: "ಮಗಳು ಈಗ ಎಷ್ಟನೇ ಕ್ಲಾಸವಾ?"

"ಹನ್ನೊಂದು, ಕಾಕಾ. ಮನ್ಯಾಗ ಓದಾಕತ್ತಾಳ. ಸಾಲಿಗೆ ಹೋಗೂದಿಲ್ಲ."

"ಹಂಗಾರ ಮಾರ್ಕ್ಸ್ ಕಾರ್ಡಿಗೆ ಸಹಿ ಯಾರು ಮಾಡ್ತಾರ?"

"ನಾನ ಮಾಡ್ತೀನಿ."

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, "ಅಲ್ಲವಾ, ಹಡದಾಕಿನ ಮಾರ್ಕ್ಸ್ ಕೊಟ್ರ ಅದನ್ನ ಯಾರು ನಂಬಬೇಕು?" ಅಂದರು. ಸಿಟ್ಟಿನಿಂದ ಅಂದಿದ್ದಲ್ಲ, ನಿಜವಾಗಲೂ ತಿಳಿಯದೆ ಕೇಳಿದ್ದು. ಆದರೆ ಸುದ್ದಿ ಅಲ್ಲಿಗೇ ನಿಲ್ಲುತ್ತದಾ? ಬಾಗಲಕೋಟೆಯ ವೈನಿ ಫೋನ್ ಮಾಡಿ, ಮಗಳ ಆರೋಗ್ಯ ಹೇಗಿದೆ, ಮನೆಯಲ್ಲಿ ಏನಾದರೂ ತೊಂದರೆಯಾ ಅಂತ ಬಹಳ ಮೆಲ್ಲಗೆ ವಿಚಾರಿಸಿದರು. ಶಾಲೆಗೆ ಹೋಗದ ಹುಡುಗಿ ಅಂದರೆ ಒಂದೋ ಕಾಯಿಲೆ, ಇಲ್ಲಾ ಮದುವೆ. ನಮ್ಮ ಕಡೆ ಮೂರನೆಯ ಕಾರಣ ಇನ್ನೂ ಹುಟ್ಟಿಲ್ಲ.

ನಾನು ಇರೋದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಮಗಳನ್ನು ಯಾಕೆ ಮನೆಯಲ್ಲಿ ಓದಿಸುತ್ತಿದ್ದೇವೆ ಅನ್ನೋದು ಬೇರೆ ಕಥೆ, ಅದನ್ನು ಇಲ್ಲಿ ಬಿಡಿಸಿಡುವುದಿಲ್ಲ. ಕಾಕಾನ ಪ್ರಶ್ನೆಯೇ ಸಾಕು. ಯಾಕೆಂದರೆ ಇಲ್ಲಿ ಆ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಇದೆ. 1994ರಲ್ಲಿ ಲೀಪರ್ ಕೇಸಿನಲ್ಲಿ ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟ್ ಮನೆಶಾಲೆಯೂ ಒಂದು ಖಾಸಗಿ ಶಾಲೆಯೇ ಎಂದು ಒಪ್ಪಿಕೊಂಡಿತು. ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ಪ್ರಜೆಯಾಗುವ ಪಾಠ, ಈ ಐದನ್ನು ಕಲಿಸಬೇಕು. ಕಲಿಸುವುದು ನಿಜವಾಗಿರಬೇಕು, ಪುಸ್ತಕವೋ ವಿಡಿಯೊವೋ ಕಣ್ಣಿಗೆ ಕಾಣುವ ಪಠ್ಯ ಇರಬೇಕು. ಅಷ್ಟೇ. ನೋಂದಣಿ ಇಲ್ಲ, ಇನ್‌ಸ್ಪೆಕ್ಷನ್ ಇಲ್ಲ, ಬಿಇಒ ಸಾಹೇಬರಿಗೆ ಚಹಾ-ಚೂಡಾ ಇಲ್ಲ. ನಾನೇ ಹೆಡ್ ಮಿಸ್ಟ್ರೆಸ್, ನಾನೇ ಗುಮಾಸ್ತೆ. ಹೈಸ್ಕೂಲಿನ ನಾಲ್ಕು ವರ್ಷಗಳಲ್ಲಿ (ಇಲ್ಲಿ ಒಂಬತ್ತರಿಂದ ಹನ್ನೆರಡು) ಏನು ಓದಿದಳು, ಯಾವುದಕ್ಕೆ ಎಷ್ಟು ಕ್ರೆಡಿಟ್, ಯಾವ ಗ್ರೇಡು, ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಎಷ್ಟು, ಇದನ್ನೆಲ್ಲ ಒಂದು ಹಾಳೆಯಲ್ಲಿ ಟೈಪ್ ಮಾಡಿ ಕೆಳಗೆ ಸಹಿ ಹಾಕಿದರೆ ಅದೇ ಟ್ರಾನ್ಸ್‌ಕ್ರಿಪ್ಟ್, ಇಲ್ಲಿಯ ಮಾರ್ಕ್ಸ್ ಕಾರ್ಡು. ಕೆಲವು ಕಾಲೇಜುಗಳು ನೋಟರಿ ಮಾಡಿಸಿ ಅನ್ನುತ್ತವೆ, ಹಲವು ಅದನ್ನೂ ಕೇಳುವುದಿಲ್ಲ. ಮನೆಯಲ್ಲಿ ಓದಿ ಬಂದವರಿಗೆ ಬೇರೆ ಅಳತೆ ಹಚ್ಚಬಾರದು ಎಂದು ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕಾನೂನೇ ಹೇಳುತ್ತದೆ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್ ಅನ್ನೋ ವೆಬ್‌ಸೈಟಿನಲ್ಲಿ ಶಾಲೆಯ ಕೌನ್ಸೆಲರ್ ತುಂಬಬೇಕಾದ ಭಾಗವನ್ನೂ ತಾಯಿ ತುಂಬಬಹುದು.

ಇದನ್ನು ಮೊದಲ ಸಲ ಓದಿದಾಗ ನನಗೇ ನಂಬಿಕೆ ಬರಲಿಲ್ಲ. ನಾನು ಬೆಳೆದದ್ದು ಹೇಗೆ ಅಂತ ನಿಮಗೆ ಗೊತ್ತಲ್ವಾ? ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ಹಿಡಿದು ಗೆಜೆಟೆಡ್ ಆಫೀಸರ್ ಮನೆಯ ಕಟ್ಟೆಯ ಮೇಲೆ ಕಾದವರು ನಾವು. ನಮ್ಮ ಓಣಿಯ ಹತ್ತಿರ ಸಿಗುತ್ತಿದ್ದವರು ದನದ ಡಾಕ್ಟರು. ಎತ್ತಿಗೆ ಇಂಜೆಕ್ಷನ್ ಮಾಡಿ ಬಂದು, ಕೈ ತೊಳೆದು, ನನಗೆ ಗಣಿತದಲ್ಲಿ ಬಿದ್ದ ಮಾರ್ಕ್ಸ್ ಖರೇ ಅಂತ ಹಸಿರು ಇಂಕಿನಲ್ಲಿ ಸಹಿ ಮಾಡಿ ಕೊಡುತ್ತಿದ್ದರು. ಬಹಳ ಒಳ್ಳೆಯ ಮನುಷ್ಯ. ಆದರೆ ದಿನಾ ರಾತ್ರಿ ನನ್ನನ್ನು ಕೂಡಿಸಿಕೊಂಡು ಮಗ್ಗಿ ಹೇಳಿಸಿದ್ದು ನಮ್ಮವ್ವ. ಅವಳ ಸಹಿ ಯಾವ ಕಾಗದಕ್ಕೂ ಬೇಕಾಗಲಿಲ್ಲ, ರಜೆಯ ಚೀಟಿಯೊಂದನ್ನು ಬಿಟ್ಟು. ಅದನ್ನೂ ಜಾಸ್ತಿ ಸಲ ಅಪ್ಪನೇ ಬರೆಯುತ್ತಿದ್ದರು.

ಹಾಗಾಗಿ ನನ್ನ ಸಹಿಗೆ ಬೆಲೆ ಇದೆ ಅಂದಾಗ ಎದೆ ಸ್ವಲ್ಪ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಉಬ್ಬಿದ್ದು ಜಾಸ್ತಿ ದಿನ ಉಳಿಯಲಿಲ್ಲ. ಒಂದು ಕ್ರೆಡಿಟ್ ಅಂದರೆ ಸುಮಾರು 120 ತಾಸಿನ ಪಾಠ. ಇದೊಂದು ತಮಾಷೆಯ ಲೆಕ್ಕ. 1906ರ ಸುಮಾರಿಗೆ ಕಾರ್ನೆಗಿ ಪ್ರತಿಷ್ಠಾನದವರು ಕಾಲೇಜು ಪ್ರೊಫೆಸರುಗಳಿಗೆ ಪಿಂಚಣಿ ಕೊಡಲು ಹೊರಟರು. ಕಾಲೇಜು ಅಂತ ಯಾವುದನ್ನು ಕರೆಯಬೇಕು ಅನ್ನೋ ಪ್ರಶ್ನೆ ಬಂತು. ಹೈಸ್ಕೂಲಿನಲ್ಲಿ ಇಷ್ಟು ತಾಸು ಓದಿದವರನ್ನೇ ಸೇರಿಸಿಕೊಳ್ಳುವುದು ಕಾಲೇಜು ಅಂತ ತೀರ್ಮಾನವಾಯಿತು. ಅಲ್ಲಿಂದ ಇಡೀ ದೇಶದ ಮಕ್ಕಳ ಓದು ತಾಸಿನ ಲೆಕ್ಕಕ್ಕೆ ಬಿತ್ತು. (ಅದೇ 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ ಶುರುವಾಗಿತ್ತು. ಅಲ್ಲಿ ತಾಸು ಎಣಿಸುವ ಚಿಂತೆ ಇರಲಿಲ್ಲ, ಶಾಲೆ ಕಟ್ಟುವ ಚಿಂತೆ ಇತ್ತು.) ಈಗ ಮಗಳ ಅಡುಗೆಮನೆ ಟೇಬಲ್ಲಿನ ಓದನ್ನು ನಾನು ತಾಸಿನಲ್ಲಿ ಅಳೆಯಬೇಕು. ಕೆಮಿಸ್ಟ್ರಿಗೆ ಲ್ಯಾಬ್ ಬೇಕು. ಆಲ್ಜೀಬ್ರಾ ಎರಡನೆಯ ಭಾಗ ನನಗೇ ಮರೆತಿದೆ. ಗ್ರೇಡ್ ಕೊಡುವುದಂತೂ ಇನ್ನೂ ಕಷ್ಟ. ಮನೆಯಲ್ಲಿ ಕಲಿಸಿದ ಕನ್ನಡಕ್ಕೂ ವಿದೇಶಿ ಭಾಷೆ ಅಂತ ಕ್ರೆಡಿಟ್ ಕೊಡಬಹುದು. ಅಜ್ಜಿಗೆ ಪತ್ರ ಬರೆಸಿದೆ, ದಿನಪತ್ರಿಕೆ ಓದಿಸಿದೆ. ಒತ್ತಕ್ಷರ ತಪ್ಪಿದ್ದಕ್ಕೆ ಬಿ ಕೊಟ್ಟೆ. ನನ್ನ ಗಂಡ ನಕ್ಕರು: "ಹೊರಗಿನವರು ಯಾರಾದರೂ ಆಗಿದ್ದರೆ ಎ ಕೊಡುತ್ತಿದ್ದರು, ನೀ ನಿಮ್ಮ ಸಾಲಿ ಮಾಸ್ತರ್ ಆಗೀದಿ."

ಹಾಗಾಗಿ ಹೊರಗಿನ ಪ್ರೋಗ್ರಾಮ್ ಹುಡುಕಲು ಕೂತೆವು. ಇಲ್ಲಿ ಅದರಲ್ಲಿ ಎರಡು ದಾರಿ, ಅದು ತಿಳಿಯಲೇ ಸ್ವಲ್ಪ ಕಾಲ ಹಿಡಿಯಿತು. ಒಂದು, ಮಾನ್ಯತೆ ಪಡೆದ ಆನ್‌ಲೈನ್ ಹೈಸ್ಕೂಲಿಗೇ ಪೂರ್ತಿ ಹೆಸರು ಹಚ್ಚುವುದು. ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ್ದೇ ಒಂದು ಇದೆ. ಪಾಠ, ಪರೀಕ್ಷೆ, ಟ್ರಾನ್ಸ್‌ಕ್ರಿಪ್ಟ್, ಕೊನೆಗೆ ಡಿಪ್ಲೊಮಾ, ಎಲ್ಲ ಅವರದೇ. ನಿಮ್ಮ ಸಹಿಗೆ ಅಲ್ಲಿ ಕೆಲಸ ಇಲ್ಲ. ಇನ್ನೊಂದು, ಬಿಡಿ ಬಿಡಿಯಾಗಿ ಒಂದೊಂದು ಕೋರ್ಸ್ ತೆಗೆದುಕೊಳ್ಳುವುದು. ಅವರು ಗ್ರೇಡ್ ಕಳಿಸುತ್ತಾರೆ, ಅದನ್ನು ನಿಮ್ಮ ಹಾಳೆಯಲ್ಲಿ ಏರಿಸಿ ನೀವೇ ಸಹಿ ಮಾಡುತ್ತೀರಿ. ಖಾನಾವಳಿಯಿಂದ ರೊಟ್ಟಿ ತರಿಸಿ ಪಲ್ಯ ಮನೆಯಲ್ಲೇ ಮಾಡಿದ ಹಾಗೆ. ನಾವು ಆರಿಸಿಕೊಂಡದ್ದು ಈ ಎರಡನೆಯದು. ಗಣಿತ ಹೊರಗೆ, ಬಯಾಲಜಿ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಊರಿನ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ. ಅದಕ್ಕೆ ಹೈಸ್ಕೂಲ್ ಕ್ರೆಡಿಟ್ಟೂ ಸಿಗುತ್ತದೆ, ಕಾಲೇಜ್ ಕ್ರೆಡಿಟ್ಟೂ ಸಿಗುತ್ತದೆ. ಇಂಗ್ಲಿಷ್, ಇತಿಹಾಸ, ಕನ್ನಡ ಮನೆಯಲ್ಲಿ.

ಒಂದು ಮಾತು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಪೂರ್ತಿ ಡಿಪ್ಲೊಮಾ ಬೇಕಿದ್ದರೆ ಒಂಬತ್ತನೆಯದರಿಂದಲೇ ಸೇರುವುದು ಒಳ್ಳೆಯದು. ನಡುವೆ ಹೋದರೆ, ನೀವು ಮನೆಯಲ್ಲಿ ಕಲಿಸಿದ್ದನ್ನು ಅವರು ಸುಮ್ಮನೆ ಒಪ್ಪುವುದಿಲ್ಲ. ಪರೀಕ್ಷೆ ಬರೆಯಿಸಿ ಅನ್ನುತ್ತಾರೆ, ಇಲ್ಲಾ ಮತ್ತೆ ಓದಿಸಿ ಅನ್ನುತ್ತಾರೆ. ವಾಪಸ್ ಸರ್ಕಾರಿ ಶಾಲೆಗೆ ಸೇರಿಸಲು ಹೋದರೂ ಇದೇ ಪಾಡು. ಮಾನ್ಯತೆ ಅಂತ ಬರೆದುಕೊಂಡ ಎಲ್ಲರೂ ನಂಬಿಕಸ್ತರಲ್ಲ. ಮಾನ್ಯತೆ ಕೊಟ್ಟವರು ಯಾರು ಅಂತ ಕೇಳಲೇಬೇಕು. ನಾವು ಮೊದಲು ಸೇರಿದ್ದ ಒಂದು ಪ್ರೋಗ್ರಾಮಿನವರಿಗೆ ಫೀ ತೆಗೆದುಕೊಳ್ಳುವಾಗ ಇದ್ದ ಚುರುಕು ಗ್ರೇಡ್ ಕಳಿಸುವಾಗ ಇರಲಿಲ್ಲ. ನಮ್ಮೂರಲ್ಲಿ ಟಿಸಿಗಾಗಿ ಅಲೆದದ್ದು ನೆನಪಾಯಿತು. ಅಲ್ಲಿ ಗುಮಾಸ್ತರ ಮುಖವಾದರೂ ಕಾಣುತ್ತಿತ್ತು, ಇಲ್ಲಿ ಬರೀ ಇಮೇಲ್.

ಇಷ್ಟೆಲ್ಲ ಕಾಕಾನಿಗೆ ಹೇಳಲು ಹೋದರೆ ಅವರು ಕೇಳುತ್ತಿದ್ದದ್ದು ಒಂದೇ: "ಒಂದು ಬೋರ್ಡ್ ಇಲ್ಲೇನು?" ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮ ಊರುಗಳಲ್ಲಿ ಮಕ್ಕಳು ನಿಜವಾಗಿ ಕಲಿಯುತ್ತಿರುವುದು ಶಾಲೆಯಲ್ಲೇನು? ವಿಜಯಪುರದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳನ್ನು ನವೋದಯ, ಸೈನಿಕ, ಮೊರಾರ್ಜಿ, ಕಿತ್ತೂರು ಅಂತ ಕೋಚಿಂಗಿಗೆ ಹಾಕುತ್ತಾರೆ. ಹಳ್ಳಿಯಿಂದ ಬಂದ ಕೂಸುಗಳು ಅವ್ವನನ್ನು ಬಿಟ್ಟು ಬಾಡಿಗೆ ರೂಮಿನಲ್ಲಿ, ಹಾಸ್ಟೆಲಿನಲ್ಲಿ ಇರುತ್ತವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಊರಿನಲ್ಲೇ ಇರುತ್ತವೆ. ಪಿಯುಸಿಗೆ ಬಂದರೆ ಕಾಲೇಜಿನಲ್ಲಿ ಹೆಸರು, ನೀಟ್ ಕ್ಲಾಸಿನಲ್ಲಿ ಹುಡುಗ. ನಮ್ಮ ಬಳಗದಲ್ಲೇ ಇಂಥವರು ಎಷ್ಟೋ ಜನ. ಇದೂ ಹೊರಗಿನ ಪ್ರೋಗ್ರಾಮೇ ತಾನೇ? ಪಾಠ ಒಂದು ಕಡೆ, ಸಹಿ ಇನ್ನೊಂದು ಕಡೆ. ನಾನು ಅದನ್ನು ಬಾಯಿಬಿಟ್ಟು ಹೇಳುತ್ತೇನೆ, ಅಲ್ಲಿ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಬಾಗಲಕೋಟೆ ನವನಗರದ ನಮ್ಮ ಸಂಬಂಧಿಕರ ಹುಡುಗನೊಬ್ಬ ಕಾಯಿಲೆಯಿಂದ ಶಾಲೆ ತಪ್ಪಿಸಿಕೊಂಡು ಎನ್‌ಐಒಎಸ್‌ನಿಂದ ಹತ್ತನೆಯದು ಮುಗಿಸಿದ. ಕೇಂದ್ರ ಸರ್ಕಾರದ ಮುಕ್ತ ಶಾಲೆ, 1989ರಿಂದ ನಡೆಯುತ್ತಿದೆ. ಆದರೂ ಅವರ ಮನೆಯಲ್ಲಿ ಆ ಮಾತು ಬಂದರೆ ಟಿವಿ ಸೌಂಡ್ ಏರಿಸುತ್ತಾರೆ.

ಇನ್ನೊಂದು ಕಡೆಯದನ್ನೂ ಹೇಳಬೇಕು, ಇಷ್ಟ ಇಲ್ಲದಿದ್ದರೂ.

ನನ್ನ ಸಹಿಗೆ ಇಲ್ಲಿ ಬೆಲೆ ಇದೆ ಅಂದೆ. ಆದರೆ ಆ ಬೆಲೆ ಪೂರ್ತಿ ಅಲ್ಲ. ಅವ್ವ ಕೊಟ್ಟ ಎ ಗ್ರೇಡನ್ನು ಕಾಲೇಜಿನವರು ಓದುತ್ತಾರೆ, ಆಮೇಲೆ ಪಕ್ಕದಲ್ಲಿ ಏನಿದೆ ಅಂತ ನೋಡುತ್ತಾರೆ. ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯಲ್ಲಿ ಎಷ್ಟು, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ ಎಷ್ಟು, ಕಮ್ಯುನಿಟಿ ಕಾಲೇಜಿನಲ್ಲಿ ಏನು ಬಂತು. ಒಂದು ಎಪಿ ಪರೀಕ್ಷೆಗೆ ಸುಮಾರು 100 ಡಾಲರ್. ಅದು ನಡೆಯುವುದು ಮೇ ತಿಂಗಳಲ್ಲಿ. ಆದರೆ ಹೊರಗಿನ ಹುಡುಗಿಯನ್ನು ಕೂಡಿಸಿಕೊಳ್ಳುವ ಶಾಲೆಯನ್ನು ಹಿಂದಿನ ವರ್ಷದ ಸೆಪ್ಟೆಂಬರಿನಲ್ಲೇ ಹುಡುಕಬೇಕು, ಯಾವ ಶಾಲೆಯೂ ಒಪ್ಪಲೇಬೇಕು ಅಂತಿಲ್ಲ. ಹೊರಗಿನ ಪ್ರೋಗ್ರಾಮಿನ ಫೀ ಬೇರೆ. ಅಂದರೆ ತಾಯಿಯ ಸಹಿ ನಡೆಯುವುದು ತಾಯಿಗೆ ಹೊತ್ತಿದ್ದರೆ, ಇಂಗ್ಲಿಷ್ ಬಂದರೆ, ಕೈಯಲ್ಲಿ ಕಾಸಿದ್ದರೆ. ನನಗೆ ಮೂರೂ ಇವೆ. ಇಲ್ಲಿ ನಮ್ಮ ಓಣಿ ಹಿಂದಿನ ಅಪಾರ್ಟ್‌ಮೆಂಟಿನಲ್ಲಿರುವ, ಎರಡು ಕಡೆ ದುಡಿಯುವ ತಾಯಿಗೆ ಇಲ್ಲ.

ಎಸ್‌ಎಸ್‌ಎಲ್‌ಸಿಯಲ್ಲಿ ಹಾಗಲ್ಲ. ಇಂಡಿ ತಾಲೂಕಿನ ಕೂಲಿಯವನ ಮಗಳೂ, ವಿಜಯಪುರದ ಡಾಕ್ಟರ ಮಗನೂ ಅದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ಉತ್ತರ ಪತ್ರಿಕೆ ಯಾರದು ಅಂತ ತಿದ್ದುವವರಿಗೆ ಗೊತ್ತಾಗುವುದಿಲ್ಲ. 625ಕ್ಕೆ ಇಷ್ಟು ಅಂದರೆ ಇಷ್ಟೇ. ನಕಲು ಆಗುತ್ತಿತ್ತು, ನಿಜ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ಕೂಡಲೇ ಫಲಿತಾಂಶ ಬಿದ್ದದ್ದನ್ನು ಎಲ್ಲರೂ ನೋಡಿದ್ದೇವೆ. ಆದರೂ ಆ ಹುಡುಗಿಗೆ 600 ಬಿದ್ದರೆ ಅವಳ ಅಪ್ಪ ಯಾರಿಗೂ ಏನೂ ವಿವರಿಸಬೇಕಾಗಿಲ್ಲ. ನಾನು ವಿವರಿಸುತ್ತಲೇ ಇದ್ದೇನೆ.

ಇನ್ನು ಮಗಳು ಮುಂದೆ ಭಾರತದಲ್ಲಿ ಓದುತ್ತೇನೆ ಅಂದರೆ? ಅಮೆರಿಕದ ಓದು ಅಲ್ಲಿಯ ಪಿಯುಸಿಗೆ ಸಮ ಅಂತ ದೆಹಲಿಯಿಂದ ಪತ್ರ ಬೇಕು, ಅಲ್ಲಿ ಮಾನ್ಯತೆ ಇರುವ ಶಾಲೆಯ ಕಾಗದ ನೋಡುತ್ತಾರೆ. ನನ್ನ ಹಾಳೆ ಟೆಕ್ಸಾಸ್‌ನಲ್ಲಿ ಓಡುತ್ತದೆ, ದೆಹಲಿಯಲ್ಲಿ ಓಡುವುದಿಲ್ಲ. ಊರಿನ ಕಡೆ ಮನಸ್ಸಿರುವವರು ಈ ಒಂದು ಕಾರಣಕ್ಕಾದರೂ ಪೂರ್ತಿ ಡಿಪ್ಲೊಮಾದ ದಾರಿ ಹಿಡಿಯುವುದು ಒಳ್ಳೆಯದು.

ಬೆಳಗಾವಿ ಟಿಳಕವಾಡಿಯ ನನ್ನ ಗೆಳತಿ ಈಗ ಬೆನ್ನು ಹತ್ತಿದ್ದಾಳೆ. ಅವಳ ಮಗ ಶಾಲೆ ಬೇಡ ಅನ್ನುತ್ತಾನಂತೆ, "ನೀ ಮಾಡಿದಂಗ ನಾನೂ ಮಾಡಲೇನು?" ಅಂತ ಕೇಳುತ್ತಾಳೆ. ಬೇಡ ಅಂದೆ. ಅಲ್ಲಿ ನಿನ್ನ ಸಹಿ ಯಾರೂ ನೋಡುವುದಿಲ್ಲ, ಅಮೆರಿಕದ ಆನ್‌ಲೈನ್ ಡಿಪ್ಲೊಮಾ ಅಂತ ಡಾಲರ್ ಕಟ್ಟಬೇಡ. 14 ತುಂಬಿದ್ದರೆ ಎನ್‌ಐಒಎಸ್‌ಗೆ ಹೆಸರು ಹಚ್ಚು. ಐದು ವಿಷಯ ಆರಿಸಿಕೊಳ್ಳಲಿ. ಏಪ್ರಿಲ್‌ನಲ್ಲೂ ಅಕ್ಟೋಬರ್‌ನಲ್ಲೂ ಪರೀಕ್ಷೆ ಇರುತ್ತದೆ, ಒಂದೇ ಸಲ ಎಲ್ಲ ಬರೆಯಬೇಕೆಂದಿಲ್ಲ. ಪಾಠ ನೀನೇ ಹೇಳಿಕೊಡು, ಸಹಿ ಅವರು ಮಾಡಲಿ. ಅವಳಿಗೆ ಹಿಡಿಸಿದೆ. ಅತ್ತೆಗೆ ಏನಂತ ಹೇಳುವುದು ಅನ್ನೋದರಲ್ಲಿ ನಿಂತಿದೆ.