ಹೊಸದು ಕೊಳ್ಳುವ ಮುನ್ನ ಒಮ್ಮೆ ನೋಡಿ

ಕಂಪ್ಯೂಟರ್ ನಿಧಾನವಾದರೆ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಹೆಚ್ಚಿಸಿ, ಆಗಲೂ ಸರಿಹೋಗದಿದ್ದರೆ ಹೊಸದು ಕೊಳ್ಳಿ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಲೆಕ್ಕಾಚಾರ ನಡೆಸುವ ಮುಖ್ಯ ಚಿಪ್ ಆದ ಪ್ರೊಸೆಸರ್‌ನ (ಸಿಪಿಯು) ಬಳಕೆಯೇ ಸದಾ ಶೇ 90 ದಾಟಿ ನಿಂತಿದ್ದರೆ ರ‍್ಯಾಮ್‌ಗೆ ಹಾಕಿದ ಹಣ ಬಹುತೇಕ ವ್ಯರ್ಥ. ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಯಾವ ಪ್ರೋಗ್ರಾಂ ಎಷ್ಟು ಬಳಸುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಎಂಬ ಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಬಳಸುತ್ತಿರುವ ಪ್ರೋಗ್ರಾಂ ಪಟ್ಟಿಯ ಮೇಲಕ್ಕೆ ಬರುತ್ತದೆ. ವಿಂಡೋಸ್ ಅಪ್‌ಡೇಟ್ ಆದ ಬಳಿಕ ಕೆಲ ಹೊತ್ತು ಬಳಕೆ ಏರುವುದು ಸಹಜ, ಕಾಯಿರಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆದುಹಾಕಿ. ಬ್ರೌಸರ್ ಪಟ್ಟಿಯ ಮೇಲಿದ್ದರೆ ಅದಕ್ಕೆ ಸೇರಿಸಿಕೊಂಡ ಚಿಕ್ಕ ಪ್ರೋಗ್ರಾಂಗಳಾದ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ.

ಮಂಡ್ಯದ ನಮ್ಮ ಚಿಕ್ಕಪ್ಪನ ಮನೆಯ ನಿಧಾನವಾಗಿದ್ದ ಕಂಪ್ಯೂಟರಿನಲ್ಲಿ ಪಟ್ಟಿಯೊಳಗೆ ಅಂಥ ಪ್ರೋಗ್ರಾಂ ಯಾವುದೂ ಕಾಣಲಿಲ್ಲ. ಆದರೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರೊಸೆಸರ್‌ನ ಮೂಲ ವೇಗ 3 ಗಿಗಾಹರ್ಟ್ಸ್‌ಗೂ ಹೆಚ್ಚೆಂದಿದ್ದರೆ, ಓಡುತ್ತಿದ್ದ ವೇಗ 1ಕ್ಕಿಂತ ಕೆಳಗಿತ್ತು! ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ಸುಟ್ಟುಹೋಗದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕ್ಯಾಬಿನೆಟ್ ಬಿಚ್ಚಿದರೆ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಪ್ರೊಸೆಸರ್‌ನ ಬಿಸಿಯನ್ನು ಆ ಪಟ್ಟಿಗಳಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ಮದರ್‌ಬೋರ್ಡ್ ಹೋಗಿದೆ ಎಂದು ಅಂಗಡಿಯೊಂದರಲ್ಲಿ ಹೇಳಿ ಕಳುಹಿಸಿದ್ದ ಯಂತ್ರ ಅದು. ಮಕ್ಕಳ ಓದಿಗೆಂದು ಕಷ್ಟಪಟ್ಟು ಕೊಂಡವರಿಗೆ ಹೀಗೆ ಹೇಳುವುದು ಅನ್ಯಾಯ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಹೊಸ ಪೇಸ್ಟ್ ಹಚ್ಚಿದ ಮೇಲೆ ವೇಗ ಮೊದಲಿನಂತಾಯಿತು. ಬಿಚ್ಚುವ ಮುನ್ನ ವಿದ್ಯುತ್ ಪ್ಲಗ್ ಕಿತ್ತಿರಲೇಬೇಕು.

ಸಿಪಿಯು ಬದಲು ಡಿಸ್ಕ್ ಬಳಕೆ ಶೇ 100 ತೋರಿಸುತ್ತಿದ್ದರೆ ಮಾತು ಬೇರೆ. ಆಗ ಹಳೆಯ ಹಾರ್ಡ್ ಡಿಸ್ಕ್ ಜಾಗಕ್ಕೆ ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿಸಿ.